ದುಂಡು ಮೇಷ್ಟ್ರ ಸಂಶೋಧನೆ

ದುಂಡು ಮೇಷ್ಟ್ರು ಎಂದರೆ ದುಂಡಗಿರುವ ಮೇಷ್ಟ್ರು ಎಂದುಕೊಂಡು ಮೊದಲ ಸಲ ನೋಡಲು ಬಂದವರಿಗೆ ನಿರಾಸೆಯಾಗುತ್ತಿತ್ತು. ಗೂಟಕ್ಕೆ ಅಂಗಿ ನೇತುಹಾಕಿದ ಹಾಗಿದ್ದ ಮನುಷ್ಯ. ಮಕ್ಕಳನ್ನು ಸಾಲಾಗಿ ಕೂರಿಸಬಾರದು, ದುಂಡಗೆ ಕೂರಿಸಬೇಕು ಎಂದು ಕಂಡುಹಿಡಿದದ್ದಕ್ಕೆ ಆ ಹೆಸರು ಬಂದಿತ್ತು. ಅವರ ಕೆಲಸ ಮಕ್ಕಳಿಗೆ ಪಾಠ ಹೇಳುವುದಲ್ಲ. ಪಾಠ ಹೇಳುವವರಿಗೆ ಪಾಠ ಹೇಗೆ ಹೇಳಬೇಕೆಂದು ಹೇಳುವುದು. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ್ದರು. "ಈಜು ಕಲಿಸೋರಿಗೆ ತರಬೇತಿ ಕೊಡೋನಿಗೆ ಒಂದು ಅನುಕೂಲ ಇದೆ ನೋಡಿ, ಅವನು ನೀರಿಗೆ ಇಳಿಯೋ ಹಾಗೇ ಇಲ್ಲ" ಎಂದು ಈಗ ತಮ್ಮ ಬಗ್ಗೆ ತಾವೇ ಹೇಳಿಕೊಂಡು ನಗುತ್ತಾರೆ. ಆಗ ನಗುತ್ತಿರಲಿಲ್ಲ. ಆಗ ಅವರಿಗೆ ತಮ್ಮ ಮೇಲೆ ತಮಗೇ ಬಹಳ ಗೌರವ.

ಆ ಇಪ್ಪತ್ತೆಂಟು ವರ್ಷದಲ್ಲಿ ಅವರು ತಂದ ವಿಧಾನಗಳು ಒಂದೇ ಎರಡೇ! ಹಾಡಿನ ವಿಧಾನ ಬಂತು, ಬಣ್ಣದ ಕಡ್ಡಿ ವಿಧಾನ ಬಂತು, ಮೇಷ್ಟ್ರು ಬಾಯಿ ಬಿಡದೆ ಮಕ್ಕಳೇ ಕಲಿತುಕೊಳ್ಳುವ ಮೌನ ವಿಧಾನ ಬಂತು. ಮೌನ ವಿಧಾನದಿಂದ ಶಿಕ್ಷಕರಿಗೆ ಮಧ್ಯಾಹ್ನ ಒಳ್ಳೆಯ ನಿದ್ದೆ ಸಿಕ್ಕಿತು, ಮಕ್ಕಳಿಗೆ ಏನು ಸಿಕ್ಕಿತೋ ದೇವರೇ ಬಲ್ಲ. ಯಾವುದೂ ಫಲ ಕೊಡಲಿಲ್ಲ. ಕೊಡದಿದ್ದಾಗಲೆಲ್ಲ ಮೇಷ್ಟ್ರು ವರದಿಯ ಕೊನೆಗೆ 'ಶಿಕ್ಷಕರಲ್ಲಿ ಶ್ರದ್ಧೆಯ ಕೊರತೆ' ಎಂದು ಬರೆದು ಮುಂದಿನ ವಿಧಾನಕ್ಕೆ ಹೋಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಕುಣಿಯುವ ಗೋಜಿಗೇ ಹೋಗದೆ ನೆಲ ಡೊಂಕು ಎಂದವರು.

ಕೊನೆಗೆ ದುಂಡು ವಿಧಾನ ಕೈ ಹಿಡಿಯಿತು. ಮೇಷ್ಟ್ರ ಅಕ್ಕ ಒಂದು ಸರ್ಕಾರಿ ಶಾಲೆಗೆ ಹೆಡ್‌ಮಿಸ್ಸು. ಎರಡು ವರ್ಷದ ಹಿಂದೆ ಆ ಶಾಲೆಯ ಮೂರನೇ ತರಗತಿಯಲ್ಲಿ ಬೆಂಚುಗಳನ್ನೆಲ್ಲ ಕೋಣೆಯ ಹಿಂದಿನ ಅರ್ಧಕ್ಕೆ ತಳ್ಳಿ ಒಟ್ಟಿಸಿದರು. ಮುಂದಿನ ಅರ್ಧದಲ್ಲಿ ಚಾಪೆ ಹಾಸಿ ಇಪ್ಪತ್ತಾರು ಮಕ್ಕಳನ್ನು ದುಂಡಗೆ ಕೂರಿಸಿದರು. ನಾಲ್ಕೇ ತಿಂಗಳು. ಒಂದಕ್ಷರ ಓದಲು ಬಾರದಿದ್ದ ಮಕ್ಕಳಲ್ಲಿ ಮುಕ್ಕಾಲು ಪಾಲು ಪಟಪಟನೆ ಓದತೊಡಗಿದವು. ಮೇಷ್ಟ್ರಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಮತ್ತೊಮ್ಮೆ ಪರೀಕ್ಷೆ ಮಾಡಿದರು. ಮಕ್ಕಳು ಮತ್ತೊಮ್ಮೆ ಓದಿದವು. ಆ ದಿನ ಅವರು ಮನೆಗೆ ನಡೆದುಕೊಂಡು ಹೋದರೋ ತೇಲಿಕೊಂಡು ಹೋದರೋ ಅವರಿಗೇ ನೆನಪಿಲ್ಲ.

'ದುಂಡು ಕಲಿಕೆ: ಒಂದು ಹೊಸ ದಾರಿ' ಎಂಬ ವರದಿ ಸಿದ್ಧವಾಯಿತು. ಸಾಲಿನಲ್ಲಿ ಮೊದಲಿನವರು, ಕೊನೆಯವರು ಎಂಬ ಭೇದವಿದೆ, ದುಂಡಿನಲ್ಲಿ ಅದಿಲ್ಲ. ಭೇದವಿಲ್ಲದ ಕಡೆ ಮಗುವಿನ ಮನಸ್ಸಿನ ಬಾಗಿಲು ತೆರೆಯುತ್ತದೆ, ತೆರೆದ ಬಾಗಿಲಿನಿಂದ ಅಕ್ಷರ ಒಳಗೆ ಹೋಗುತ್ತದೆ ಎಂದು ಅರವತ್ತು ಪುಟ ಬರೆದರು. ನಲವತ್ತು ಶಾಲೆಗಳು ಬೆಂಚು ತೆಗೆದು ಚಾಪೆ ಹಾಸಿದವು. ಅಲ್ಲೆಲ್ಲ ಮಕ್ಕಳು ದುಂಡಗೆ ಕೂತು ಮೊದಲು ಎಷ್ಟು ಓದುತ್ತಿದ್ದವೋ ಅಷ್ಟೇ ಓದಿದವು. ಒಂದು ಶಾಲೆಯಲ್ಲಂತೂ ಮೊದಲು ಓದುತ್ತಿದ್ದವೂ ಓದದಾದವು. ಮೇಷ್ಟ್ರು ಪೆನ್ನು ತೆಗೆದು 'ಶ್ರದ್ಧೆಯ ಕೊರತೆ' ಎಂದು ಬರೆದರು. ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಅಕ್ಕ ಮಾತ್ರ ಈ ವಿಧಾನಗಳಿಗೆಲ್ಲ ಮೂಗು ಮುರಿಯುತ್ತಿದ್ದಳು. ಅವಳ ಮಂತ್ರ ಒಂದೇ: ಹಣ. "ಲೋ, ದುಂಡಗೆ ಕೂರಿಸು, ಚೌಕಾಗಿ ಕೂರಿಸು, ತಲೆಕೆಳಗಾಗಿ ಬೇಕಾದ್ರೂ ಕೂರಿಸು. ಹಣ ಇಲ್ದೆ ಶಾಲೆ ಉದ್ಧಾರ ಆಗಲ್ಲ" ಎನ್ನುತ್ತಿದ್ದಳು. "ಹಣ ಕೊಟ್ಟಾಗ ಏನು ಮಾಡಿದೆ ಅಕ್ಕ? ಕಂಪ್ಯೂಟರ್ ತರಿಸಿದೆ. ಆರು ವರ್ಷದಿಂದ ಪ್ಲಾಸ್ಟಿಕ್ ಸುತ್ಕೊಂಡು ಹಾಗೇ ಕೂತಿವೆ" ಎಂದು ಇವರು ಚುಚ್ಚುತ್ತಿದ್ದರು. ಅಕ್ಕನ ಮನೆ ಪಕ್ಕದ ಬೀದಿಯಲ್ಲೇ. ಭಾನುವಾರದ ಊಟಕ್ಕೆ ಕೂತರೆ ಅನ್ನ ಆರುವವರೆಗೂ ಇದೇ ಜಗಳ. ಅರವತ್ತರ ಅಂಚಿನ ಅಕ್ಕ, ಐವತ್ತಾರರ ತಮ್ಮ, ಇಬ್ಬರೂ ಗಂಟಲು ಹರಿಯುವಂತೆ ಕೂಗಾಡಿ, ಕೊನೆಗೆ ಅವಳೇ ಇವರ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಆ ವರ್ಷ ಜಗಳ ಮನೆಯಿಂದ ಬೀದಿಗೆ ಬಂತು. ಊರಿನ ಶಿಕ್ಷಣ ಸಮಿತಿಗೆ ಎಲ್ಲಿಂದಲೋ ಒಂದು ದೊಡ್ಡ ಗಂಟು ಮಂಜೂರಾಯಿತು. ಎರಡು ಕೆಲಸಕ್ಕೆ ಸಾಲದು, ಒಂದಕ್ಕೆ ಸಾಕು. ಹಳೆಯ ಶಾಲೆಗಳ ದುರಸ್ತಿಗೆ ಕೊಡಿ ಎಂದು ಅಕ್ಕ ಇಪ್ಪತ್ತು ಪುಟದ ಅರ್ಜಿ ಹಾಕಿದಳು. ಎಲ್ಲ ಶಾಲೆಗಳಿಗೂ ದುಂಡು ವಿಧಾನ ತರಲು ಕೊಡಿ ಎಂದು ಇವರು ವರದಿ ಕೊಟ್ಟರು. ವಿಧಾನ ಗೆದ್ದರೆ ಮೇಷ್ಟ್ರಿಗೆ ಸಮಿತಿಯ ಸಲಹೆಗಾರನ ಹುದ್ದೆ, ಬಾಗಿಲಿಗೆ ಹೆಸರಿನ ಫಲಕವಿರುವ ಒಂದು ಕೋಣೆ. ಅವರು ಆ ಫಲಕದ ಅಕ್ಷರಗಳು ಹಿತ್ತಾಳೆಯವೋ ಮರದವೋ ಎಂಬುದನ್ನೂ ಯೋಚಿಸಿಟ್ಟಿದ್ದರು. ಸಮಿತಿಯ ಐದು ಜನ ವಿಧಾನ ಹುಟ್ಟಿದ ಕೋಣೆಯನ್ನೇ ಕಣ್ಣಾರೆ ನೋಡಿ ತೀರ್ಮಾನಿಸುತ್ತೇವೆ ಎಂದು ದಿನ ಗೊತ್ತು ಮಾಡಿದರು.

ಹಿಂದಿನ ದಿನ ಮಧ್ಯಾಹ್ನ ಮೇಷ್ಟ್ರು ತಾಲೀಮಿಗೆ ಬಂದರು. ಮೂರನೇ ತರಗತಿಯ ಕೋಣೆ ಉದ್ದಕ್ಕೆ ಸುರಂಗದ ಹಾಗಿತ್ತು. ಎಡಗಡೆಗೆ ನಾಲ್ಕು ಕಿಟಕಿ. ಆದರೆ ಒಂಬತ್ತು ವರ್ಷದ ಹಿಂದೆ ಪಕ್ಕದಲ್ಲಿ ಒಂದು ಉಗ್ರಾಣ ಎದ್ದು, ಕಿಟಕಿ ತೆರೆದರೆ ಅದರ ಗೋಡೆ ಕೈಗೆ ತಾಗುತ್ತಿತ್ತು. ಬಲಗಡೆಗೆ ಮುಂಭಾಗದಲ್ಲಿ ಬಾಗಿಲು. ಗಣ್ಯರು ಬರುತ್ತಾರೆ, ಅವರಿಗೆ ಕುರ್ಚಿ ಎಲ್ಲಿ ಹಾಕುವುದು? ಬಾಗಿಲ ಬಳಿ, ಮುಂದಿನ ಅರ್ಧದಲ್ಲೇ ಹಾಕಬೇಕು, ಅದು ಮರ್ಯಾದೆ. ಹಾಗಾಗಿ ಹಿಂದೆ ಒಟ್ಟಿದ್ದ ಮುರುಕು ಬೆಂಚುಗಳನ್ನು ಹೊರಗೆ ಸಾಗಿಸಿ, ಅಲ್ಲಿ ಗುಡಿಸಿ, ಚಾಪೆಯನ್ನು ಹಿಂದಿನ ಅರ್ಧಕ್ಕೆ ಎಳೆಸಿದರು. ಮಕ್ಕಳು ಅಲ್ಲಿ ದುಂಡಗೆ ಕೂತವು.

"ಎಲ್ಲಿ, ಹನ್ನೆರಡನೇ ಪುಟ" ಎಂದರು ಮೇಷ್ಟ್ರು, ಬಾಗಿಲ ಬಳಿ ಕೈಕಟ್ಟಿ ನಿಂತು.

ಮೊದಲು ಓದಬೇಕಾದವಳು ಅವರ ಹೆಮ್ಮೆಯ ಶಿಷ್ಯೆ. ಎಂಟು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದು ಎಲ್ಲರ ಬಾಯಲ್ಲೂ ಬೊಚ್ಚುಬಾಯಿ ಆಗಿದ್ದಳು. ಹೋದ ವಾರ ನೀರು ಕುಡಿದ ಹಾಗೆ ಓದಿದ್ದಳು. ಈಗ ಪುಸ್ತಕವನ್ನು ಮೂಗಿಗೆ ಹತ್ತಿಸಿಕೊಂಡು "ಮ... ಮರ..." ಎಂದು ಎರಡು ಪದಕ್ಕೆ ನಿಂತಳು. ಪಕ್ಕದವನು ಅಷ್ಟೂ ಓದಲಿಲ್ಲ. ಅವನ ಪಕ್ಕದವಳು ತಲೆ ಕೆರೆದುಕೊಂಡಳು.

"ಏನಾಯ್ತೋ ನಿಮಗೆ? ನಾಳೆ ದೊಡ್ಡವರು ಬರ್ತಾರೆ, ಇವತ್ತೇ ಮಾನ ಕಳೀತೀರಲ್ಲ! ಶ್ರದ್ಧೆ ಇಲ್ಲ, ಶ್ರದ್ಧೆ!" ಎಂದು ರೇಗಿದರು. ಹೇಗೆ ಓದಬೇಕೆಂದು ತೋರಿಸಲು ಹೋಗಿ ತಾವೇ ಆ ದುಂಡಿನಲ್ಲಿ, ಬೊಚ್ಚುಬಾಯಿಯ ಪಕ್ಕ, ಮಂಡಿ ಲಟಲಟ ಎನ್ನಿಸುತ್ತ ಕೂತರು. ದುಂಡು ವಿಧಾನ ಕಂಡುಹಿಡಿದವರು ದುಂಡಿನಲ್ಲಿ ಕೂತದ್ದು ಅದೇ ಮೊದಲು. ಪುಸ್ತಕ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು. ಹನ್ನೆರಡನೇ ಪುಟ ಬೂದಿ ಬಳಿದ ಹಾಗೆ ಕಂಡಿತು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡರು. ಮತ್ತೆ ನೋಡಿದರು. ಸಾಲುಗಳಿವೆ ಎಂದು ಗೊತ್ತಾಗುತ್ತಿತ್ತು, ಸಾಲಿನಲ್ಲಿ ಏನಿದೆ ಎಂದು ಗೊತ್ತಾಗುತ್ತಿರಲಿಲ್ಲ.

"ಕನ್ನಡಕದ್ದೇನೂ ತಪ್ಪಿಲ್ಲ ಸಾರ್" ಎಂದಳು ಬೊಚ್ಚುಬಾಯಿ ಸಮಾಧಾನ ಮಾಡುವ ದನಿಯಲ್ಲಿ. "ಇಲ್ಲಿ ಯಾರಿಗೂ ಕಾಣ್ಸಲ್ಲ. ಲೈಟು ಅಲ್ಲಿ ಒಂದೇ ತಾನೇ ಉರಿಯೋದು. ಅದಕ್ಕೇ ನಾವು ಅದರ ಕೆಳಗೆ ಕೂರೋದು."

ಮೇಷ್ಟ್ರು ತಲೆಯೆತ್ತಿದರು. ಛಾವಣಿಯಲ್ಲಿ ಆರು ದೀಪದ ಗೂಡುಗಳಿದ್ದವು. ಐದು ಸತ್ತಿದ್ದವು. ಆರನೆಯದು ಮುಂದೆ, ಅವರು ಎರಡು ವರ್ಷದ ಹಿಂದೆ ಮೊದಲ ಸಲ ಚಾಪೆ ಹಾಸಿದ ಜಾಗದ ನೆತ್ತಿಯ ಮೇಲೆ ಉರಿಯುತ್ತಿತ್ತು. ಅರವತ್ತು ಪುಟದ ವರದಿ, ಮನಸ್ಸಿನ ಬಾಗಿಲು, ಭೇದವಿಲ್ಲದ ಭಾವ, ಎಲ್ಲವೂ ಆ ಒಂದು ಬಲ್ಬಿನ ಕೆಳಗೆ ಹಲ್ಲು ಕಿರಿದು ನಿಂತವು. ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ಇಲ್ಲಿ ದೀಪದ ಬುಡ ಚೆನ್ನಾಗಿಯೇ ಇತ್ತು. ಕತ್ತಲೆ ಇದ್ದದ್ದು ಮೇಷ್ಟ್ರ ತಲೆಯಲ್ಲಿ.

ಫಲ ಕೊಡದ ನಲವತ್ತು ಶಾಲೆಗಳಲ್ಲಿ ಕಿಟಕಿಗಳು ಚೆನ್ನಾಗಿದ್ದವು ಎಂಬುದು ಆಗ ನೆನಪಾಯಿತು. ಮಕ್ಕಳು ಹಿಂದೆ ಬಿದ್ದ ಆ ಒಂದು ಶಾಲೆಯಲ್ಲಿ ಕಿಟಕಿ ಬಳಿಯ ಬೆಂಚುಗಳಿಂದ ಎಬ್ಬಿಸಿ ಮಕ್ಕಳನ್ನು ಕೋಣೆಯ ನಡುವೆ ಕೂರಿಸಿದ್ದು ತಾವೇ ಎಂಬುದೂ ನೆನಪಾಯಿತು. 'ಮುಂದಿನ ಬೆಂಚಿನ ಮಕ್ಕಳೇಕೆ ಜಾಣರು' ಎಂಬ ಲೇಖನವನ್ನು ಬೇರೆ ಬರೆದಿದ್ದರು ಮಹಾನುಭಾವರು!

"ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

"ನೀವು ಕೇಳ್ಲೇ ಇಲ್ವಲ್ಲ ಸಾರ್" ಎಂದಳು ಬೊಚ್ಚುಬಾಯಿ. ಆಮೇಲೆ ಪುಸ್ತಕದ ಮೂಲೆ ಮಡಚುತ್ತ, "ನಮ್ಮಕ್ಕ ಇಲ್ಲೇ ಕೂತ್ಕೋತಿದ್ಳು. ಉದ್ದ ಇದಾಳೆ ಅಂತ ಕೊನೇ ಬೆಂಚಿಗೆ ಹಾಕಿದ್ರು. ಅವಳು ದಡ್ಡಿ ಅಂತ ನೀವೇ ಬರೆದ್ರಲ್ಲ" ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರು ಗದರಿಸಿ ತಪ್ಪಿಸಿಕೊಳ್ಳುತ್ತಿದ್ದರು.

ವಿಷಯ ಏನೆಂದರೆ, ಓದಲು ಬಾರದ ಮಕ್ಕಳನ್ನು ಗುರುತಿಸಿ ಕೈಕೆಲಸದ ತರಗತಿಗೆ ಹಾಕುವ ಪಟ್ಟಿಗೆ ಸಹಿ ಮಾಡುವವರೂ ಇದೇ ಮೇಷ್ಟ್ರು. ಮೂರು ವರ್ಷದ ಹಿಂದೆ ಪರೀಕ್ಷೆಯ ಹಾಳೆ ಹಿಡಿದು ಇದೇ ಕೋಣೆಗೆ ಬಂದಿದ್ದರು. ಕೊನೆಯ ಬೆಂಚಿನ ಒಬ್ಬ ಉದ್ದನೆಯ ಹುಡುಗಿ ಹಾಳೆಯನ್ನು ಹತ್ತಿರ ಹಿಡಿದು ದೂರ ಹಿಡಿದು ಸುಮ್ಮನೆ ನಿಂತಿದ್ದಳು. 'ಓದುವ ಸಾಮರ್ಥ್ಯವಿಲ್ಲ, ಕೈಕೆಲಸಕ್ಕೆ ಸೂಕ್ತ' ಎಂದು ಬರೆದು ಮುಂದಿನ ಹೆಸರಿಗೆ ಹೋಗಿದ್ದರು. ಎರಡು ನಿಮಿಷದ ಕೆಲಸ. ಆ ಹುಡುಗಿ ಅಂದಿನಿಂದ ಅಂಗಳದ ಆಚೆಯ ಕೋಣೆಯಲ್ಲಿ ಹಾಳೆ ಮಡಚಿ, ದಬ್ಬಳದಲ್ಲಿ ತೂತು ಮಾಡಿ, ದಾರ ಪೋಣಿಸಿ, ಬೇರೆ ಮಕ್ಕಳು ಬರೆಯುವ ನೋಟ್‌ಬುಕ್ಕುಗಳನ್ನು ಹೊಲಿಯುತ್ತಿದ್ದಳು. ಪಟ್ಟಿಗೆ ಒಮ್ಮೆ ಸೇರಿದವರು ಓದಿನ ತರಗತಿಗೆ ವಾಪಸು ಬರಬೇಕಾದರೆ ಪಟ್ಟಿಯೇ ತಪ್ಪು ಎಂದು ಸಹಿ ಮಾಡಿದವರು ಒಪ್ಪಿಕೊಳ್ಳಬೇಕು. ಇದುವರೆಗೆ ಯಾರೂ ಒಪ್ಪಿಕೊಂಡಿರಲಿಲ್ಲ. ತಪ್ಪು ಮಾಡುವಂಥವರನ್ನು ಸಹಿಗೆ ಇಟ್ಟುಕೊಳ್ಳುವುದಿಲ್ಲವಲ್ಲ!

ಸಂಜೆ ಮೇಷ್ಟ್ರು ಇಂಗು ತಿಂದ ಮಂಗನ ಮುಖ ಹೊತ್ತು ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದರು. ಎಲ್ಲ ಹೇಳಿದರು. ಅಕ್ಕ ಮೊದಲು ನಕ್ಕಳು. ಸೌಟು ಕೆಳಗಿಟ್ಟು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಯ್ಯೋ ನನ್ನಪ್ಪಾ! ಒಂದು ಬಲ್ಬಿಗೆ ಅರವತ್ತು ಪುಟ! ನಾನು ಅವತ್ತಿಂದ ಬಡ್ಕೊಳ್ತಿಲ್ವಾ, ಹಣ ಬೇಕು ಹಣ ಬೇಕು ಅಂತ?"

"ಬಡ್ಕೊಂಡೆ. ಆದ್ರೆ ಲೈಟಿಗೆ ಅಂತ ಕೇಳಿದ್ಯಾ?"

"ಕೇಳದೆ ಏನು? ಅರ್ಜಿಯಲ್ಲಿ ಇರಲೇಬೇಕು" ಎಂದು ಅಕ್ಕ ಚೀಲದಿಂದ ಅರ್ಜಿಯ ಪ್ರತಿ ತೆಗೆದಳು. ಮೊದಲ ಪುಟದಲ್ಲಿ ಕಮಾನಿನ ಗೇಟು. ಆಮೇಲೆ ಕಾಂಪೌಂಡಿಗೆ ಬಣ್ಣ. ಆಮೇಲೆ ಸಭಾಂಗಣ, ವೇದಿಕೆಗೆ ಪರದೆ, ಇನ್ನೂ ಹತ್ತು ಕಂಪ್ಯೂಟರು. ಅಕ್ಕನ ಬೆರಳು ಪುಟ ತಿರುವುತ್ತ ತಿರುವುತ್ತ ನಿಧಾನವಾಯಿತು. ಹದಿನೇಳನೇ ಪುಟದಲ್ಲಿ, ಹೂಕುಂಡಗಳ ಕೆಳಗೆ, 'ತರಗತಿ ಕೋಣೆಗಳ ಹಳೆಯ ತಂತಿ ಬದಲಾವಣೆ' ಎಂದು ಒಂದು ಸಾಲು ಸಿಕ್ಕಿತು.

"ಗೋಡೆ ಒದ್ದೆ ಆಗಿ ತಂತಿ ಹಾಳಾಗಿದೆ ಕಣೋ. ಬಲ್ಬು ಹಾಕಿದ್ರೆ ಹಾಕಿದ್ದು ಹಾಕಿದ ಹಾಗೇ ಸುಟ್ಟುಹೋಗ್ತಿತ್ತು. ಆಮೇಲೆ ಹಾಕೋದೇ ಬಿಟ್ವಿ" ಎಂದಳು. ನಗು ನಿಂತಿತ್ತು. "ಒಂಬತ್ತು ವರ್ಷ ಆ ಬಾಗಿಲಲ್ಲಿ ನಿಂತು ನೋಡಿದೀನಿ. ನಿಂತಲ್ಲಿಗೆ ಬೆಳಕು ಇತ್ತು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ಯಾರ ಬಾಯಿಗೆ ಯಾರು ಬೀಗ ಹಾಕುವುದು? ಹಣದ ಪಕ್ಷದವಳು ಹಣವನ್ನು ಗೇಟಿಗೆ ಕೇಳಿದ್ದಳು, ವಿಧಾನದ ಪಕ್ಷದವನು ಬಲ್ಬಿನ ಪುಣ್ಯವನ್ನು ತನ್ನ ಹೆಸರಿಗೆ ಬರೆದುಕೊಂಡಿದ್ದ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಒಂದು ಕೆಲಸ ಮಾಡು" ಎಂದಳು ಅಕ್ಕ, ಮುಖ ಬೇರೆ ಕಡೆ ತಿರುಗಿಸಿ. "ನಾಳೆ ಚಾಪೆ ಮತ್ತೆ ದೀಪದ ಕೆಳಗೇ ಹಾಕು. ಮಕ್ಕಳು ಓದ್ತವೆ. ನಿನ್ನ ಹುದ್ದೆ ನಿನಗೆ. ಒಂಬತ್ತು ವರ್ಷ ಮಕ್ಕಳನ್ನ ಕತ್ತಲೇಲಿ ಕೂರಿಸಿದ್ಳು ಅಂತ ನನಗೂ ಯಾರೂ ಅನ್ನಲ್ಲ."

ಮೇಷ್ಟ್ರಿಗೆ ಆ ಮಾತು ಜೇನಿನ ಹಾಗೆ ಇಳಿಯಿತು. ಸುಳ್ಳು ಏಕೆ ಹೇಳಬೇಕು, ಅವರೂ ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದರು. ಹಿತ್ತಾಳೆಯ ಅಕ್ಷರಗಳು ಕಣ್ಣ ಮುಂದೆ ಹೊಳೆದವು. ಆದರೆ ಹಾಳೆಯನ್ನು ಹತ್ತಿರ ಹಿಡಿದು ದೂರ ಹಿಡಿದು ನಿಂತ ಆ ಉದ್ದನೆಯ ಹುಡುಗಿ ಬಂದು ಫಲಕಕ್ಕೆ ಅಡ್ಡ ನಿಂತಳು. ಬಲ್ಬಿನ ಸಂಗತಿ ಮುಚ್ಚಿಟ್ಟು ದುಂಡು ವಿಧಾನ ಉಳಿದರೆ ಪಟ್ಟಿಯೂ ಉಳಿಯುತ್ತದೆ. ಪಟ್ಟಿ ಉಳಿದರೆ ಅವಳು ಜೀವನವಿಡೀ ಬೇರೆಯವರ ನೋಟ್‌ಬುಕ್ಕು ಹೊಲಿಯುತ್ತಾಳೆ.

"ಅಕ್ಕ, ಆ ಪಟ್ಟಿಯಲ್ಲಿ ನನ್ನ ಸಹಿ ಕೆಳಗೆ ಇನ್ನೊಂದು ಸಹಿ ಇದೆಯಲ್ಲ, ಯಾರದು?"

"ನಂದೇ" ಎಂದಳು ಅಕ್ಕ. ಒಲೆಯ ಮೇಲಿದ್ದದ್ದು ಸೀದುಹೋದ ವಾಸನೆ ಬಂತು, ಎದ್ದು ಇಳಿಸಿದಳು.

ಮರುದಿನ ಸಮಿತಿ ಬಂತು. ಮುಂದೆ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು, ಹಿಂದೆ ನಾಲ್ವರು. ಅವರಲ್ಲಿ ಒಬ್ಬರು ಗಡ್ಡದವರು, ಹಣದ ಪಕ್ಷ. ಇನ್ನೊಬ್ಬರು ಕುತ್ತಿಗೆಗೆ ಪೆನ್ನು ತೂಗುಹಾಕಿಕೊಂಡ ಮೇಡಮ್ಮು, ಹೊಸ ವಿಧಾನದ ಪಕ್ಷ. ಉಳಿದಿಬ್ಬರು ತಿಂಡಿಯ ಪಕ್ಷ. ಬಂದವರು ನೋಡಿದರೆ ಮಕ್ಕಳು ಮುಂದೆ ಚಾಪೆಯ ಮೇಲೆ ದುಂಡಗೆ ಕೂತಿದ್ದಾರೆ, ದೊಡ್ಡವರಿಗೆ ಕೋಣೆಯ ಕೊನೆಯಲ್ಲಿ ಮೂರನೇ ತರಗತಿಯ ಬೆಂಚು ಹಾಕಿದೆ.

"ಇದೇನ್ರೀ, ನಮಗೆ ಹಿಂದೆನಾ?" ಎಂದರು ಅಧ್ಯಕ್ಷರು.

"ದಯವಿಟ್ಟು ಕೂತ್ಕೊಳ್ಳಿ ಸಾರ್. ಇದೂ ವಿಧಾನದ ಭಾಗ" ಎಂದರು ಮೇಷ್ಟ್ರು. ವಿಧಾನ ಎಂದ ತಕ್ಷಣ ಐವರೂ ಮಂಡಿ ಮಡಚಿ ಬೆಂಚಿನೊಳಗೆ ತೂರಿಕೊಂಡರು. ಪ್ರತಿಯೊಬ್ಬರ ಕೈಗೂ ಒಂದೊಂದು ಪುಸ್ತಕ ಕೊಟ್ಟು, "ಹನ್ನೆರಡನೇ ಪುಟ. ಅಧ್ಯಕ್ಷರು ಮೊದಲು ಗಟ್ಟಿಯಾಗಿ ಓದ್ಬೇಕು" ಎಂದರು.

ಅಧ್ಯಕ್ಷರು ನಗುತ್ತ ಪುಸ್ತಕ ತೆರೆದರು. ಹತ್ತಿರ ಹಿಡಿದರು. ದೂರ ಹಿಡಿದರು. ಮತ್ತೆ ಹತ್ತಿರ ಹಿಡಿದರು. ಮೇಷ್ಟ್ರಿಗೆ ಆ ಕೈ ಹೋಗಿಬರುವುದನ್ನು ಹಿಂದೆಲ್ಲೋ ನೋಡಿದ ನೆನಪು ಬಂತು.

"ಮುದ್ರಣ ಸರಿಯಿಲ್ಲ" ಎಂದರು ಅಧ್ಯಕ್ಷರು.

"ಕಾಗದಾನೇ ಕಳಪೆ" ಎಂದರು ಗಡ್ಡದವರು. ಮೇಡಮ್ಮು ಪುಟ ತಿರುಗಿಸಿ ತಲೆಕೆಳಗಾಗಿ ಹಿಡಿದು ನೋಡಿದರು. ತಿಂಡಿಯ ಪಕ್ಷದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಪೆಯ ಮೇಲೆ ಕಿಸಿಕಿಸಿ ನಗು ಎದ್ದಿತು.

"ಪುಟ್ಟಾ, ನೀನು ಓದು" ಎಂದರು ಮೇಷ್ಟ್ರು. ಬೊಚ್ಚುಬಾಯಿ ದೀಪದ ಕೆಳಗೆ ಎದ್ದು ನಿಂತು, ಹಲ್ಲಿಲ್ಲದ ಸಂದಿಯಿಂದ ಗಾಳಿ ಬಿಡುತ್ತ, ಅದೇ ಪುಟವನ್ನು ಕೊನೆಯವರೆಗೆ ಓದಿ ಕೂತಳು.

ಇಪ್ಪತ್ತೆಂಟು ವರ್ಷ ಭಾಷಣ ಮಾಡಿದ ಮೇಷ್ಟ್ರ ಬಾಯಿಗೆ ನಾಲ್ಕು ಮಾತು ಹೊರಡಿಸಲು ಕಷ್ಟವಾಯಿತು. "ನನ್ನ ಪರೀಕ್ಷೆ ಪ್ರಕಾರ ನೀವು ಐದೂ ಜನ ಓದೋ ಸಾಮರ್ಥ್ಯ ಇಲ್ಲದವರು. ಕೈಕೆಲಸದ ತರಗತಿಗೆ ಹೋಗ್ಬೇಕು. ದುಂಡು ವಿಧಾನ ಅನ್ನೋದು ಇಲ್ಲವೇ ಇಲ್ಲ ಸಾರ್, ಇರೋದು ಆ ಒಂದು ಬಲ್ಬು. ನಾನು ಕಂಡುಹಿಡಿದದ್ದು ಅದನ್ನೂ ಅಲ್ಲ, ನಿನ್ನೆ ಆ ಮಗು ತೋರಿಸ್ಕೊಡ್ತು. ಕತ್ತಲೇಲಿ ಕೂತ ಮಕ್ಕಳನ್ನ ದಡ್ಡರು ಅಂತ ಬರೆದಿದೀನಿ. ಪಟ್ಟಿ ವಾಪಸ್ ತಗೋಬೇಕು."

ಗಡ್ಡದವರು ಬೆಂಚು ಗುದ್ದಿದರು. "ನೋಡಿದ್ರಾ? ನಾನು ಹೇಳ್ಲಿಲ್ವಾ, ಹಣ ಹಾಕ್ದೆ ಏನೂ ಆಗಲ್ಲ ಅಂತ!"

"ಎಲ್ಲಿಯ ಹಣ? ಇದು ದೃಷ್ಟಿಕೋನದ ಪ್ರಶ್ನೆ!" ಎಂದರು ಮೇಡಮ್ಮು. "ಇಷ್ಟು ವರ್ಷ ಹಣ ಬಂದಿಲ್ವಾ? ನೋಡೋ ರೀತಿ ಬದಲಾಗ್ಬೇಕು."

"ಅದ್ಭುತ!" ಎಂದು ಅಧ್ಯಕ್ಷರು ಮಧ್ಯೆ ಬಂದರು. ಅವರ ಕಣ್ಣು ಹೊಳೆಯುತ್ತಿತ್ತು. "ದೊಡ್ಡವರನ್ನ ಹಿಂದಿನ ಬೆಂಚಲ್ಲಿ ಕೂರಿಸೋ ಈ ವಿಧಾನ ಇದೆಯಲ್ಲ, ಇದು ದುಂಡು ವಿಧಾನಕ್ಕಿಂತ ದೊಡ್ಡದು ಮೇಷ್ಟ್ರೇ! ಎಲ್ಲಾ ಹೆಡ್‌ಮೇಷ್ಟ್ರುಗಳಿಗೂ ಮೂರು ದಿನದ ತರಬೇತಿ ಆಗ್ಬೇಕು. ಒಂದು ಕೈಪಿಡಿ ಬೇಕು. ಸಲಹೆಗಾರರು ನೀವೇ. ಇದಕ್ಕೊಂದು ಹೆಸರು ಯೋಚನೆ ಮಾಡಿ."

ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. ಬಿಡಿಸಿಕೊಳ್ಳಲು ಬಂದವರಿಗೆ ಇನ್ನೊಂದು ಕಟ್ಟಿಕೊಂಡಿತ್ತು. ಇನ್ನೂ ನಾಚಿಕೆಗೇಡೆಂದರೆ, ಅರೆಕ್ಷಣ ಅವರ ತಲೆಯಲ್ಲಿ ಒಂದು ಒಳ್ಳೆಯ ಹೆಸರು ಹೊಳೆದೂಬಿಟ್ಟಿತು. ಅದನ್ನು ಇವತ್ತಿಗೂ ಅವರು ಯಾರಿಗೂ ಹೇಳಿಲ್ಲ.

"ಸಲಹೆ ಕೊಡೋಕೆ ಒಂದು ಯೋಗ್ಯತೆ ಬೇಕು ಸಾರ್, ನಾನು ತಪ್ಪೇ ಮಾಡಲ್ಲ ಅನ್ನೋ ನಂಬಿಕೆ. ಅದು ನಿನ್ನೆ ಮಧ್ಯಾಹ್ನ ಹೋಯ್ತು" ಎಂದರು. "ನನಗೆ ಬೇಡ."

ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದ ಅಕ್ಕ ಆಗ ಒಳಗೆ ಬಂದಳು. ಕೈಯಲ್ಲಿ ಅವಳ ಅರ್ಜಿ. ಎಲ್ಲರೂ ನೋಡುತ್ತಿದ್ದಂತೆ ಮೊದಲ ಹದಿನಾರು ಪುಟ ಕಿತ್ತು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಕೊನೆಯ ಮೂರನ್ನೂ ಕಿತ್ತಳು. ಹದಿನೇಳನೆಯದನ್ನು ಅಧ್ಯಕ್ಷರ ಮುಂದೆ ಬೆಂಚಿನ ಮೇಲಿಟ್ಟಳು.

"ಹೂಕುಂಡದ ಸಾಲು ಹೊಡೆದುಹಾಕಿದೀನಿ. ಅದರ ಕೆಳಗಿನ ಸಾಲಿಗೆ ಸಹಿ ಹಾಕಿ. ಎಲ್ಲಾ ಶಾಲೆಗೂ ಅದೇ ಮೊದಲು ಆಗ್ಲಿ. ಅದಾದ್ಮೇಲೆ ತರಬೇತಿನಾದ್ರೂ ಮಾಡಿ, ಗೇಟಾದ್ರೂ ಕಟ್ಟಿ."

"ಇಷ್ಟೇನಾ?" ಎಂದರು ಅಧ್ಯಕ್ಷರು ಆಶ್ಚರ್ಯದಿಂದ. ಓದಲು ಆಗದ್ದರಿಂದ ಎದ್ದು ದೀಪದ ಕೆಳಗೆ ಹೋಗಿ, ಮಕ್ಕಳ ಮಧ್ಯೆ ನಿಂತು ಓದಿ, ಸಹಿ ಹಾಕಿದರು. ಪಟ್ಟಿಯ ವಿಷಯ ಕೇಳಿದ್ದಕ್ಕೆ, "ಅದು ನೀವೇ ಮಾಡಿದ್ದು, ನೀವೇ ತಿದ್ಕೊಳ್ಳಿ" ಎಂದು ಕೈ ಝಾಡಿಸಿದರು. ಆಮೇಲೆ ಐವರೂ ತಿಂಡಿಗೆ ಹೋದರು. ತರಬೇತಿಯೂ ಆಗಲಿದೆಯಂತೆ, ಬೇರೆ ಯಾರೋ ಮಾಡುತ್ತಾರಂತೆ.

ಮೇಷ್ಟ್ರು ಅಂಗಳ ದಾಟಿ ಕೈಕೆಲಸದ ಕೋಣೆಗೆ ಹೋದರು. ಬಾಗಿಲಲ್ಲೇ ಅವರ ಕಣ್ಣು ಚುಚ್ಚಿತು. ಮೂರು ಕಡೆ ಕಿಟಕಿ, ಬೆಳಕು ನೆಲದ ತುಂಬ ಚೆಲ್ಲಿತ್ತು. ಹೊಲಿಗೆಗೆ ಬೆಳಕು ಬೇಕು ಎಂದು ಶಾಲೆಯ ಎಲ್ಲಕ್ಕಿಂತ ಬೆಳಕಿನ ಕೋಣೆಯನ್ನು ಅದಕ್ಕೆ ಕೊಟ್ಟಿದ್ದರು. ಓದಿಗೂ ಬೇಕು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಉದ್ದನೆಯ ಹುಡುಗಿ ಮೂಲೆಯ ಮೇಜಿನಲ್ಲಿ ಬೆನ್ನು ಬಗ್ಗಿಸಿ ದಾರ ಎಳೆಯುತ್ತಿದ್ದಳು. ಹನ್ನೊಂದು ವರ್ಷ. ಬೆರಳ ತುದಿಗಳಲ್ಲಿ ದಬ್ಬಳದ ಗಾಯ.

"ನಾಳೆಯಿಂದ ನೀನು ಓದಿನ ತರಗತಿಗೆ ಬಾ" ಎಂದರು ಮೇಷ್ಟ್ರು, ನಿಂತುಕೊಂಡೇ. "ಅವತ್ತು ನಾನು ಬರೆದದ್ದು ತಪ್ಪಾಗಿತ್ತು."

ಹುಡುಗಿ ದಾರಕ್ಕೆ ಗಂಟು ಹಾಕಿ, ಹಲ್ಲಿನಲ್ಲಿ ಕತ್ತರಿಸಿ, ಆಮೇಲೆ ತಲೆಯೆತ್ತಿದಳು. "ಗೊತ್ತು ಸಾರ್."

"ಏನು ಗೊತ್ತು?"

"ನಿಮ್ಮ ವರದಿ ಹೊಲಿದಿದ್ದು ನಾವೇ. ಹೊಲಿಯೋವಾಗ ಸ್ವಲ್ಪ ಸ್ವಲ್ಪ ಓದ್ತೀನಿ. ಇಲ್ಲಿ ಚೆನ್ನಾಗಿ ಕಾಣ್ಸುತ್ತೆ. ಐವತ್ತೆಂಟನೇ ಪುಟದಲ್ಲಿ ಆ ಪಟ್ಟಿನೂ ಹಾಕಿದೀರಿ, ಅದರಲ್ಲಿ ನನ್ನ ಹೆಸರಿದೆ. ಅದರ ಪಕ್ಕ ಏನು ಬರೆದಿದೀರಿ ಅಂತ ಓದಕ್ಕೆ ನನಗೆ ನಾಲ್ಕು ದಿನ ಆಯ್ತು."

ಮೇಷ್ಟ್ರು ಕೂತುಬಿಟ್ಟರು. ಕುರ್ಚಿ ಇರಲಿಲ್ಲ, ಕಾಗದದ ಕಟ್ಟಿನ ಮೇಲೆ ಕೂತರು. ಅವರು ಅತ್ತರೋ ಇಲ್ಲವೋ ಎಂದು ಕೇಳಿದರೆ ಈಗಲೂ ಮಾತು ಬದಲಾಯಿಸುತ್ತಾರೆ.

"ನಾಳೆಯಿಂದ ಬಾ ಮಗಳೇ" ಎಂದರು ಮತ್ತೆ.

"ಬರೆದು ಕೊಡ್ತೀರಾ ಸಾರ್?" ಎಂದಳು ಹುಡುಗಿ. "ಹಿಂದಿನ ಸಲ ಬರೆದು ಕೊಟ್ಟಿದ್ರಲ್ಲ."

ಅವಳೇ ಒಂದು ಬಿಳಿ ಹಾಳೆ ಮುಂದಿಟ್ಟಳು. ಮೇಷ್ಟ್ರು ಮಂಡಿಯ ಮೇಲಿಟ್ಟುಕೊಂಡು ಬರೆದರು. ಅಕ್ಷರ ಸೊಟ್ಟಪಟ್ಟ ಬಂತು. ಬೆಳಕಿನ ಮೇಲೆ ತಪ್ಪು ಹೊರಿಸುವ ಹಾಗೂ ಇರಲಿಲ್ಲ. ಸಹಿ ಹಾಕಿ ಕೊಟ್ಟರು. ಹುಡುಗಿ ಹಾಳೆಯನ್ನು ಕಿಟಕಿಯ ಕಡೆ ಹಿಡಿದು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದಳು.

"ಈ... ಹುಡುಗಿ... ದಡ್ಡಿ... ಅಲ್ಲ. ಹಾಗೆಂದು... ಬರೆದವನು..."

ಬೆರಳು ನಿಂತಿತು. ಅವಳು ಹಾಳೆಯನ್ನು ಹತ್ತಿರ ತಂದಳು, ದೂರ ಹಿಡಿದಳು. ಅವಳು ತಲೆಯಾಡಿಸಿ ಹಾಳೆಯನ್ನು ವಾಪಸು ಕೊಟ್ಟಳು.

"ಇದು ನನ್ನ ತಪ್ಪಲ್ಲ ಸಾರ್. ನಿಮ್ಮ ಅಕ್ಷರ ಸರಿಯಿಲ್ಲ. ಇನ್ನೊಂದ್ಸಲ ದುಂಡಗೆ ಬರೀರಿ."

ಮೇಷ್ಟ್ರು ಇನ್ನೊಂದು ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದರು.